ಹಿಮ್ಮುಖ ಸಂಶ್ಲೇಷಣೆ

ಅಪ್ಪು, ಅಂಟಿಕೊಳ್ಳು ಎಂಬರ್ಥದ ಸಂಸ್ಕೃತದ ‘ಶ್ಲಿಷ್’ ಧಾತುವಿನಿಂದ ಬಂದ ‘ಸಂಶ್ಲೇಷಣೆ’ ಕನ್ನಡ ಶಾಲೆಯ ಮಕ್ಕಳಿಗೆ ದ್ಯುತಿಸಂಶ್ಲೇಷಣೆಯ ಮೂಲಕ ಪರಿಚಿತವಾಗಿದ್ದು, ಕಾವ್ಯದ ಶ್ಲೇಷೆಯೂ ಬಿಡಿಸಿ ನೋಡುವ ವಿಶ್ಲೇಷಣೆಯೂ ಅದರ ಒಡಹುಟ್ಟುಗಳೇ ಆಗಿವೆ. ರಸಾಯನಶಾಸ್ತ್ರದಲ್ಲಿ, ತಯಾರಿಸಬೇಕಾದ ಅಣುವಿನಿಂದಲೇ ಹೊರಟು, ಯಾವ ಬಂಧವನ್ನು ಕಾಗದದ ಮೇಲೆ ಕತ್ತರಿಸಿದರೆ ಸುಲಭವಾಗಿ ಸಿಗುವ ಪದಾರ್ಥಗಳಿಗೆ ತಲುಪಬಹುದೆಂದು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಯೋಚಿಸುವ ಕ್ರಮವೇ ಹಿಮ್ಮುಖ ಸಂಶ್ಲೇಷಣೆ. ಹೆಸರು ಸಂಶ್ಲೇಷಣೆಯದಾದರೂ ಕೆಲಸ ಮಾತ್ರ ವಿಶ್ಲೇಷಣೆಯದು. ಇದನ್ನು ಶಾಸ್ತ್ರವಾಗಿ ರೂಪಿಸಿದ ಅಮೆರಿಕದ ಇ. ಜೆ. ಕೋರಿ ಅವರಿಗೆ 1990ರಲ್ಲಿ ನೊಬೆಲ್ ಸಂದಿತು. ಆಸ್ಪಿರಿನ್‌ನ ಎಸ್ಟರ್ ಬಂಧವನ್ನು ಹೀಗೆ ಕತ್ತರಿಸಿದರೆ ಒಂದು ಬದಿಗೆ ಸ್ಯಾಲಿಸಿಲಿಕ್ ಆಮ್ಲವೂ ಇನ್ನೊಂದು ಬದಿಗೆ ಅಸಿಟೈಲ್ ತುಣುಕೂ ಉಳಿಯುತ್ತವೆ. ಆ ತುಣುಕನ್ನು ಒದಗಿಸಲು ಪ್ರಯೋಗಾಲಯದಲ್ಲಿ ಅಸಿಟಿಕ್ ಅನ್‌ಹೈಡ್ರೈಡ್ ಬಳಸುತ್ತಾರೆ. ಹಿಮ್ಮುಖ ಸಂಶ್ಲೇಷಣೆಯನ್ನು ಬರೆಯುವಾಗ ಎಳೆಯುವ ಜೋಡಿಗೆರೆಯ ಬಾಣವು ನಡೆಯುವ ಕ್ರಿಯೆಯನ್ನಲ್ಲ, ಹಿಂದಕ್ಕೆ ಸಾಗುವ ಆಲೋಚನೆಯನ್ನು ಸೂಚಿಸುತ್ತದೆ.