ದಾಟಿಸುವ ವಿದ್ಯೆ, ಸಾಗಿಸುವ ವಿದ್ಯೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ದೋಣಿಶಿಕ್ಷಣ

ಕರ್ನಾಟಕದ ವೃತ್ತಿಜಾನಪದದ ಅಧ್ಯಯನದಲ್ಲಿ ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆಗಳಿಗೆ ದೊರೆತಷ್ಟು ಗಮನ ದೋಣಿ ನಡೆಸುವ ವಿದ್ಯೆಗೆ ದೊರೆತಿಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ತನ್ನ ಕಾಯಕವನ್ನೇ ಹೆಸರಿನೊಡನೆ ಉಳಿಸಿಕೊಂಡ ವಚನಕಾರ. ಆದರೆ ಅಂಬಿಗನಾಗಲು ಏನನ್ನು ಕಲಿಯಬೇಕಾಗಿತ್ತು, ಅದನ್ನು ಹೇಗೆ ಕಲಿಸಲಾಗುತ್ತಿತ್ತು ಎಂಬ ಪ್ರಶ್ನೆಗಳು ಹಿಂದೆಯೇ ಉಳಿದಿವೆ. ವಿಹಾರದ ದೋಣಿಯಾನವು ಜಿಲ್ಲೆಯ ನೀರಿಗಿಳಿದಿರುವ ಇಂದು ಈ ಪ್ರಶ್ನೆಗಳಿಗೆ ಹೊಸ ಮಹತ್ವ ಬಂದಿದೆ.

ಉತ್ತರ ಕನ್ನಡದ ದೋಣಿವಿದ್ಯೆಯನ್ನು ಅರಿಯಲು ಮೊದಲು ಅಲ್ಲಿನ ಹೊಳೆಗಳ ಸ್ವಭಾವವನ್ನು ಅರಿಯಬೇಕು. ಬೇಡ್ತಿ ಹೊಳೆ ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ ಧುಮುಕುತ್ತದೆ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಬೀಳುತ್ತದೆ. ಸಿದ್ದಾಪುರದ ದಕ್ಷಿಣದಂಚಿನಲ್ಲಿ ಶರಾವತಿ ಜೋಗದ ಕಣಿವೆಗಿಳಿಯುತ್ತದೆ. ಹೀಗಾಗಿ ಘಟ್ಟದ ಮೇಲೆ ಹೊಳೆಯ ಉದ್ದಕ್ಕೆ ದೂರ ಪಯಣಿಸುವುದು ಸಾಧ್ಯವಿರಲಿಲ್ಲ. ದೋಣಿಯ ಕೆಲಸ ಈ ದಡದವರನ್ನು ಆ ದಡಕ್ಕೆ ಮುಟ್ಟಿಸುವುದು. ಘಟ್ಟದ ಕೆಳಗಾದರೋ ಅದೇ ಹೊಳೆಗಳು ಜಲಮಾರ್ಗಗಳಾಗಿದ್ದವು. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಮುಂದೆ ಘಟ್ಟವನ್ನು ನೆಲದ ಹಾದಿಯಲ್ಲಿ ಏರಿದ. ಒಂದೇ ನದಿಗೆ ಎರಡು ವಿದ್ಯೆಗಳಿದ್ದವೆಂಬುದಕ್ಕೆ ಈ ಪಯಣವೇ ಸಾಕ್ಷಿ. ಮೇಲಿನದು ದಾಟಿಸುವ ವಿದ್ಯೆ, ಕೆಳಗಿನದು ಸಾಗಿಸುವ ವಿದ್ಯೆ.

ದಾಟಿಸುವ ವಿದ್ಯೆಯ ತಿರುಳು ಸೆಳವನ್ನು ಓದುವುದು. ತುಂಬಿದ ಹೊಳೆಯಲ್ಲಿ ಎದುರು ದಡಕ್ಕೆ ನೇರವಾಗಿ ಹುಟ್ಟು ಹಾಕಿದರೆ ದೋಣಿ ಕೆಳಕ್ಕೆ ಜಾರುತ್ತದೆ. ಆದ್ದರಿಂದ ದಡದಂಚಿನಲ್ಲಿ ಮೇಲಕ್ಕೆ ಒಯ್ದು, ಮೂತಿಯನ್ನು ಸೆಳವಿಗೆ ಓರೆಯಾಗಿ ಹಿಡಿದು ಹಾಯಿಸಬೇಕು. ಮಡು ಎಲ್ಲಿ, ಸುಳಿ ಎಲ್ಲಿ, ಮುಳುಗಿದ ಬಂಡೆ ಎಲ್ಲಿ, ಯಾವ ಮಟ್ಟ ಮುಟ್ಟಿದರೆ ದೋಣಿಯನ್ನು ಕಟ್ಟಿಹಾಕಬೇಕು ಎಂಬುದು ಇದರ ಪಠ್ಯ. ಆರಿದ್ರಾ, ಪುನರ್ವಸು, ಪುಷ್ಯ ಎಂಬ ಮಳೆನಕ್ಷತ್ರಗಳ ಲೆಕ್ಕ ಬೇಸಾಯಗಾರನಿಗೆ ಬೇಕಾದಂತೆ ಅಂಬಿಗನಿಗೂ ಬೇಕಾಗಿತ್ತು. ಜನರನ್ನು ಎಲ್ಲಿ ಕೂರಿಸಬೇಕು, ಹೊರೆಯನ್ನು ಎಲ್ಲಿ ಇಡಬೇಕು ಎಂಬ ತೂಕದ ಜ್ಞಾನವೂ ಇದರ ಭಾಗ. ಕರಾವಳಿಯ ಅಂಬಿಗ, ಹರಿಕಂತ್ರ, ಖಾರ್ವಿ ಸಮುದಾಯಗಳಲ್ಲಿ ಪಾತಿದೋಣಿಯಿಂದ ತೊಡಗುವ ಕಲಿಕೆಗೆ ಉಬ್ಬರ-ಇಳಿತ, ಗಾಳಿ, ಅಳಿವೆಯ ಮರಳದಿಬ್ಬಗಳ ತಿಳಿವಳಿಕೆ ಸೇರುತ್ತದೆ. ಎರಡೂ ಕಡೆ ಶಾಲೆಯೆಂದರೆ ಹಿರಿಯನ ದೋಣಿ; ಕೈಗೆ ಹುಟ್ಟು ಬರುವ ಮೊದಲು ಕಣ್ಣಿಗೆ ನೀರು ಪರಿಚಯವಾಗಬೇಕಾಗಿತ್ತು.

ಆಡಳಿತದ ದಾಖಲೆಗಳ ಆಸಕ್ತಿ ಬೇರೆಯಾಗಿತ್ತು. 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1868ರ ಮುಂಬಯಿ ಕಾಯಿದೆಯು ಸಾರ್ವಜನಿಕ ತಾರಿಗಳನ್ನು ಸರಕಾರದ ನಿಯಂತ್ರಣಕ್ಕೆ ಒಳಪಡಿಸಿತು. ತಾರಿಯೆಂಬುದು ಸುಂಕ, ಗುತ್ತಿಗೆಗಳ ವಿಷಯವಾಗಿ ದಾಖಲಾಯಿತೇ ಹೊರತು ವಿದ್ಯೆಯ ವಿಷಯವಾಗಿ ಅಲ್ಲ.

ಇಪ್ಪತ್ತನೆಯ ಶತಮಾನದ ಅಣೆಕಟ್ಟುಗಳು ಮೂರನೆಯ ಬಗೆಯ ನೀರನ್ನು ತಂದವು. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಾಗ ಸಿದ್ದಾಪುರದ ನೆರೆಯ ಸಾಗರ ತಾಲೂಕಿನಲ್ಲಿ ಹೊಳೆ ಸರೋವರವಾಯಿತು. ಯಲ್ಲಾಪುರದ ಕಡೆ ಕಾಳಿ ನದಿ ಕೊಡಸಳ್ಳಿಯಲ್ಲಿ ನಿಂತಿತು. ತಲಗುಪ್ಪದ ಬಳಿಯ ಹೊನ್ನೆಮರಡುವಿನಲ್ಲಿ 'ದಿ ಅಡ್ವೆಂಚರರ್ಸ್' ಸಂಸ್ಥೆ ಶರಾವತಿಯ ಹಿನ್ನೀರಿನಲ್ಲಿ ಹರಿಗೋಲು, ಕಯಾಕ್‌ಗಳ ತರಬೇತಿಯನ್ನು ರೂಢಿಸಿತು. ಜೋಯಿಡಾ ತಾಲೂಕಿನ ಗಣೇಶಗುಡಿಯಲ್ಲಿ ಕಾಳಿಯ ರಾಫ್ಟಿಂಗ್ ಬೆಳೆಯಿತು. ಅಲ್ಲಿನ ನೀರಿನ ಏರಿಳಿತವನ್ನು ನಿರ್ಧರಿಸುವುದು ಮಳೆನಕ್ಷತ್ರಕ್ಕಿಂತ ಹೆಚ್ಚಾಗಿ ಸೂಪಾ ಅಣೆಕಟ್ಟಿನಿಂದ ಬಿಡುವ ನೀರು. ಹಳೆಯ ಪಂಚಾಂಗ ಇಲ್ಲಿ ಸಾಲದು. ನೆರೆಯ ಗೋವಾದಲ್ಲಿ 1990ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯು ಜೀವರಕ್ಷಣೆ, ದೋಣಿಚಾಲನೆಗಳನ್ನು ಪಠ್ಯಕ್ರಮ ಹಾಗೂ ಪ್ರಮಾಣಪತ್ರಗಳ ಚೌಕಟ್ಟಿಗೆ ತಂದಿತು. 1917ರ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ಹಡಗುಗಳ ಕಾಯಿದೆಯು ಯಂತ್ರಚಾಲಿತ ದೋಣಿಗಳ ಸಿಬ್ಬಂದಿಗೆ ಅರ್ಹತಾ ಪ್ರಮಾಣಪತ್ರವನ್ನು ವಿಧಿಸಿದೆ.

ಹಳೆಯದನ್ನು ವೈಭವೀಕರಿಸಿ ಹೊಸದನ್ನು ಹಳಿಯುವುದು ಸಲ್ಲದು. ಪರಂಪರೆಯ ಅಂಬಿಗನ ದೋಣಿಯಲ್ಲಿ ಜೀವರಕ್ಷಕ ಅಂಗಿ ಇರಲಿಲ್ಲ. ಮಗುಚಿದ ದೋಣಿಯಿಂದ ಪಾರಾಗುವ ಕ್ರಮಬದ್ಧ ಅಭ್ಯಾಸವನ್ನು ಪ್ರಯಾಣಿಕನಿಗೆ ಯಾರೂ ಮಾಡಿಸುತ್ತಿರಲಿಲ್ಲ. ಇವು ಆಧುನಿಕ ತರಬೇತಿಯ ನಿಜವಾದ ಕೊಡುಗೆಗಳು. ಆದರೆ ಪ್ರಮಾಣಪತ್ರವು ಎಲ್ಲ ನೀರಿಗೂ ಅನ್ವಯಿಸುವ ನಿಯಮವನ್ನು ಕಲಿಸುತ್ತದೆ. ಅಂಬಿಗನ ಜ್ಞಾನ ಒಂದು ಹೊಳೆಯ ಒಂದು ಗಂಡಿಗೆ ಸೇರಿದ್ದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ನಿಯಮ ಮತ್ತು ನೀರಿನ ಅರಿವು ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ನೆಚ್ಚುವಂತಿಲ್ಲ ಎಂಬುದನ್ನು ಇಂತಹ ದುರಂತ ನೆನಪಿಸುತ್ತದೆ.

ಸೇತುವೆ ಬಂದಲ್ಲಿ ತಾರಿ ನಿಲ್ಲುತ್ತದೆ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ದಶಕಗಳ ಕಾಲ ಲಾಂಚನ್ನು ಕಾದ ಜನರಿಗೆ ಅದು ನ್ಯಾಯ. ಆದರೆ ದಾಟಿಸುವ ಅಗತ್ಯ ಮುಗಿದ ಕಡೆ ದಾಟಿಸಿದವರ ಅರಿವೂ ಮುಗಿಯಬೇಕಾಗಿಲ್ಲ. ಹಳೆಯ ಅಂಬಿಗರ ಮಡು, ಸುಳಿ, ಬಂಡೆಗಳ ತಿಳಿವಳಿಕೆಯನ್ನು ಗಂಡಿಯಿಂದ ಗಂಡಿಗೆ ದಾಖಲಿಸಿ, ವಿಹಾರದ ದೋಣಿ ನಡೆಸುವವರ ತರಬೇತಿಗೆ ಅವರನ್ನೇ ಗುರುಗಳನ್ನಾಗಿ ಕರೆತರುವುದು ಜಾನಪದ ಸಂಶೋಧನೆ ಹಾಗೂ ಸಾಹಸ ಶಿಕ್ಷಣಗಳೆರಡರ ಮುಂದಿರುವ ತುರ್ತು ಕೆಲಸ.