ನಿಂತ್ಕೊಂಡು ತಿನ್ನೋರ ಚರಿತ್ರೆ

"ಬೀದೀಲಿ ನಿಂತು ತಿನ್ನಬಾರದು" ಅನ್ನೋ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಅಮ್ಮ ಇದನ್ನ ಹೇಳುವಾಗ ಧೂಳು, ನೊಣ, ಕಾಯಿಸಿದ್ದೇ ಕಾಯಿಸಿದ ಎಣ್ಣೆ ಅಂತ ಕಾರಣ ಕೊಡ್ತಿದ್ದಳು. ಅಜ್ಜಿ ಕಾರಣವನ್ನೇ ಕೊಡ್ತಿರಲಿಲ್ಲ. ಅವಳು ಹೇಳದೆ ಬಿಟ್ಟ ಕಾರಣ ಏನು ಅಂತ ನನಗೆ ಅರ್ಥವಾಗಿದ್ದು ಬಹಳ ವರ್ಷಗಳ ಮೇಲೆ. ಯಾರು ಮಾಡಿದ್ದು, ಯಾರು ಬಡಿಸಿದ್ದು, ಪಕ್ಕದಲ್ಲಿ ನಿಂತು ತಿಂತಾ ಇರೋರು ಯಾರ ಪೈಕಿ, ಈ ಮೂರೂ ಬೀದಿಯಲ್ಲಿ ಗೊತ್ತಾಗೋದಿಲ್ಲ. ಅಜ್ಜಿಗೆ ಇದ್ದ ಹೆದರಿಕೆ ಅದೇ. ಬೀದಿಯ ದೊಡ್ಡ ಗುಣವೂ ಅದೇ ಅಂತ ನನಗೀಗ ಅನ್ನಿಸುತ್ತೆ.

ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ, ಅಂದ್ರೆ ಎಲ್ಲರ ಬಾಯಲ್ಲಿ ವಿ.ವಿ. ಪುರಂ ಆಗಿರೋ ಕಡೆ, ಸಜ್ಜನರಾವ್ ಸರ್ಕಲ್ಲಿನ ಪಕ್ಕ ಒಂದು ತಿಂಡಿ ಬೀದಿ ಇದೆ. ಹಗಲು ನೋಡಿದರೆ ಸಾಧಾರಣ ರಸ್ತೆ. ಸಂಜೆ ಆಯ್ತು ಅಂದ್ರೆ ಎರಡೂ ಕಡೆ ಕಾವಲಿ ಕಾಯುತ್ತೆ. ದೋಸೆ, ಪಡ್ಡು, ಅಕ್ಕಿ ರೊಟ್ಟಿ, ಬಿಸಿ ಹೋಳಿಗೆ, ಮಸಾಲೆ ಜೋಳ, ನಿಪ್ಪಟ್ಟಿನ ಮಸಾಲೆ, ಗುಲ್ಕನ್ನಿನ ಮೇಲೆ ಬೆಣ್ಣೆ. ಮೂಲೆಯಲ್ಲಿ 1953ರಿಂದ ನಡೆದುಕೊಂಡು ಬಂದಿರೋ ವಿ.ಬಿ. ಬೇಕರಿ, ಅದರ ಖಾರದ ಬನ್ನು. ಹತ್ತಿರದಲ್ಲೇ ಮೆಡಿಕಲ್ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ಸ್ವಲ್ಪ ನಡೆದರೆ ನ್ಯಾಷನಲ್ ಕಾಲೇಜು. ಹಾಗಾಗಿ ಬೆನ್ನಿಗೆ ಬ್ಯಾಗು ಹಾಕ್ಕೊಂಡ ಹುಡುಗ ಹುಡುಗಿಯರಿಗೆ ಬರ ಇಲ್ಲ.

ನಾವು ನಾಲ್ಕು ಜನ ಗೆಳೆಯರು ಅಲ್ಲಿಗೆ ಹೋಗ್ತಾ ಇರ್ತೀವಿ. ಒಬ್ಬ ಕಲಬುರಗಿಯವನು, ಒಬ್ಬಳು ಕುಂದಾಪುರದವಳು, ಇನ್ನೊಬ್ಬ ಮಾಗಡಿ ಕಡೆಯವನು, ನಾನು ಇಲ್ಲೇ ಚಾಮರಾಜಪೇಟೆಯಲ್ಲಿ ಬೆಳೆದವನು. ನಮ್ಮದು ಒಂದೇ ನಿಯಮ: ಒಂದು ಗಾಡಿಯಲ್ಲಿ ಒಂದೇ ಪ್ಲೇಟು, ನಾಲ್ಕು ಕೈ. ಹೊಟ್ಟೆ ತುಂಬೋಕೆ ಮುಂಚೆ ಇಡೀ ಬೀದಿ ಮುಗಿಸಬೇಕಲ್ಲ! ಹೀಗೇ ಒಂದು ಸಲ ಅವರೆಕಾಳಿನ ಕಾಲದಲ್ಲಿ ತಿಂತಾ ಇದ್ದಾಗ ಮಾಗಡಿಯವನು ಸುಮ್ಮನೆ ಅಂದ: "ನಮ್ ತಾತ ಈ ಊರಿಗೆ ಅವರೆಕಾಯಿ ಮೂಟೆ ತಂದು ಮಾರ್ತಿದ್ರು ಕಣೋ. ಹೋಟ್ಲು ಒಳಗೆ ಕೂತು ಕಾಫಿ ಕುಡಿದಿದ್ದು ಮಾತ್ರ ಇಲ್ಲವಂತೆ. ಹೊರಗಡೆ ಬೇರೆ ಲೋಟ ಇರ್ತಿತ್ತಂತೆ." ಅಂದವನೇ ಉಳಿದ ರೊಟ್ಟಿ ಮುರಿದು ನಮಗೆ ಹಂಚಿದ. ಅವನಿಗೆ ಅದು ಮನೆಯಲ್ಲಿ ಕೇಳಿ ಹಳತಾದ ಸುದ್ದಿ. ನನಗೆ ಮಾತ್ರ ಅವತ್ತಿಂದ ಈ ಬೀದಿ ಬೇರೆ ಥರ ಕಾಣೋಕೆ ಶುರುವಾಯ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿ ಬಿದ್ದ ಪೇಟೆ ಬಿಟ್ಟು ಜನ ಬಯಲಿಗೆ ಓಡಿದರು. ಇಕ್ಕಟ್ಟಿನ ಊರಿಗೆ ಗಾಳಿ ಬೆಳಕು ಬೇಕು ಅಂತ ಮೈಸೂರು ಸರ್ಕಾರ ಬಸವನಗುಡಿ, ಮಲ್ಲೇಶ್ವರ ಅನ್ನೋ ಎರಡು ಹೊಸ ಬಡಾವಣೆ ಕಟ್ಟಿಸಿತು. ನೇರ ರಸ್ತೆ, ಅಗಲ ಸೈಟು, ಮರಗಳು. ಇವತ್ತಿಗೂ ನಾವು ಹೊಗಳೋ ಹಳೇ ಬೆಂಗಳೂರು ಅಂದ್ರೆ ಬಹುಮಟ್ಟಿಗೆ ಇದೇ. ಆದರೆ ಆ ಚೆಂದದ ನಕ್ಷೆಯಲ್ಲಿ ಇನ್ನೂ ಎರಡು ಸಂಗತಿ ಇದ್ದವು. ಒಂದು, ಸೈಟುಗಳನ್ನು ಜಾತಿ, ಸಮುದಾಯದ ಲೆಕ್ಕದಲ್ಲಿ ಭಾಗ ಮಾಡಿ ಹಂಚಿದ್ದು. ಎರಡು, ಮನೆಗಳ ಹಿಂದೆ ಬಿಟ್ಟ ಸಣ್ಣ ಗಲ್ಲಿಗಳು. ಮಲ ಹೊರುವವರು ಮುಂಬಾಗಿಲ ರಸ್ತೆಯಲ್ಲಿ ಕಾಣಿಸಿಕೊಳ್ಳದೆ ಬಂದು ಹೋಗೋಕೆ ಅಂತ ಇದ್ದ ದಾರಿ ಅವು. ಊರಿಗೆ ಗಾಳಿ ಬಂತು, ಗೋಡೆ ಹಾಗೇ ಉಳೀತು. ಮುಂದೆ ಬಸವನಗುಡಿಗೆ ಹತ್ತಿಕೊಂಡ ಹಾಗೆ, ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ವಿಶ್ವೇಶ್ವರಪುರ ಬೆಳೆಯಿತು.

ಮನೆ ಹೀಗಾದರೆ ಹೋಟೆಲು ಹೇಗಿತ್ತು? ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ದಕ್ಷಿಣದ ಊರುಗಳಲ್ಲಿ ಕಾಫಿ ಕ್ಲಬ್ಬುಗಳು ಹುಟ್ಟಿದಾಗ, ಅಡುಗೆ ಭಟ್ಟರು ಯಾವ ಜಾತಿ ಅನ್ನೋದೇ ಬೋರ್ಡಿನ ಮೇಲಿನ ಜಾಹೀರಾತು. ಎಷ್ಟೋ ಕಡೆ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ, ದಲಿತರಿಗೆ ಬಾಗಿಲೇ ಇಲ್ಲ. ಹಾಗಂತ ಹೋಟೆಲು ಕೆಟ್ಟದ್ದನ್ನೇ ಮಾಡಿತು ಅನ್ನೋ ಹಾಗಿಲ್ಲ. ಮನೆಯ ಹೊರಗೆ, ಗುರುತಿಲ್ಲದವರ ಜೊತೆ ಕೂತು ಕಾಸು ಕೊಟ್ಟು ಉಣ್ಣೋದೇ ಆಗ ದೊಡ್ಡ ಧೈರ್ಯ. ಮಾವಳ್ಳಿಯ ಎಂ.ಟಿ.ಆರ್. 1924ರದ್ದು, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಇಂಥವು ಮೇಲೆದ್ದ ಕಾಲವೇ ಈ ನಗರ ಹೊರಗಡೆ ತಿನ್ನೋದನ್ನ ಕಲಿತ ಕಾಲ. ಆದರೆ ಕಲಿತವರ ಪಟ್ಟಿಯಲ್ಲಿ ಮಾಗಡಿಯ ಆ ತಾತನಂಥವರು ಇರಲಿಲ್ಲ.

ಬಾಗಿಲು ತೆಗೆಯೋಕೆ ಕಾನೂನೇ ಬೇಕಾಯ್ತು. ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಓದಿದ್ದೀರಾ? ಸಮಾನತೆ, ಸ್ವಾತಂತ್ರ್ಯ ಅನ್ನೋ ದೊಡ್ಡ ಮಾತುಗಳ ನಡುವೆ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಅಂತ ದಿನನಿತ್ಯದ ಜಾಗಗಳ ಹೆಸರು ಸಾಲಾಗಿ ಬರುತ್ತೆ. ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳ ನೋಡಿ ಯಾರನ್ನೂ ಅಲ್ಲಿಂದ ಹೊರಗಿಡೋ ಹಾಗಿಲ್ಲ. ದೇಶ ಕಟ್ಟೋರು ಹೋಟೆಲ್ಲಿನ ಬಾಗಿಲಿನ ಬಗ್ಗೆ ಬರೀಬೇಕಾಗಿ ಬಂತು ಅಂದ್ರೆ ಆ ಬಾಗಿಲು ಎಷ್ಟು ಗಟ್ಟಿಯಾಗಿ ಮುಚ್ಚಿತ್ತು ನೋಡಿ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆ ಈ ವಿಧಿಯನ್ನು ಚರ್ಚೆ ಮಾಡುವಾಗ, ಕ್ಷೌರದಂಗಡಿ, ಬಟ್ಟೆ ಒಗೆಯೋ ಅಂಗಡಿ ಇದರೊಳಗೆ ಬರುತ್ತಾ ಅನ್ನೋ ಪ್ರಶ್ನೆ ಬಂತು. ಅಂಗಡಿ ಅನ್ನೋ ಮಾತನ್ನ ಆದಷ್ಟೂ ವಿಶಾಲವಾದ ಅರ್ಥದಲ್ಲಿ ಬಳಸಿದೆ, ಸೇವೆ ಕೊಡ್ತೀನಿ ಅಂತ ಮುಂದೆ ಬರೋ ಎಲ್ಲರೂ ಅದರಲ್ಲಿ ಸೇರ್ತಾರೆ ಅನ್ನೋದು ಅಂಬೇಡ್ಕರ್ ಕೊಟ್ಟ ಉತ್ತರದ ಸಾರಾಂಶ. ಹಾಗಾದರೆ ನಮ್ಮ ತಳ್ಳುಗಾಡಿಯೂ ಅದರಲ್ಲಿ ಬಂತು.

ಆದರೆ ಕಾನೂನು ಬಾಗಿಲು ತೆಗೆಸಬಹುದು, ಅಭ್ಯಾಸ ಹೋಗಬೇಕಲ್ಲ! ಅಭ್ಯಾಸ ಕಳೆದಿದ್ದರಲ್ಲಿ ದೊಡ್ಡ ಪಾಲು ನಿಂತುಕೊಂಡು ತಿನ್ನೋ ಪದ್ಧತಿಗೆ ಸೇರಬೇಕು ಅನ್ನೋದು ನನ್ನ ವಾದ. ಕೂತು ಉಣ್ಣೋದು ಅಂದ್ರೆ ಪಂಕ್ತಿ. ಪಂಕ್ತಿ ಅಂದ್ರೆ ಮೇಲೆ ಯಾರು, ಕೆಳಗೆ ಯಾರು, ಬಡಿಸೋದು ಯಾರಿಗೆ ಮೊದಲು ಅನ್ನೋ ಲೆಕ್ಕ ಶುರು. ನಿಂತುಕೊಂಡ್ರೆ ಪಂಕ್ತಿಯೇ ಇಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯ್ತು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಎದುರಿಗೇ ಅಡುಗೆ, ಟೋಕನ್ ತಗೊಂಡು ನಿಂತ್ಕೊಂಡು ತಿನ್ನು, ಹೋಗ್ತಾ ಇರು. ಬಾಡಿಗೆ, ಕೂಲಿ ಉಳಿದಿದ್ದಕ್ಕೆ ರೇಟು ಕಡಿಮೆ. ಕೆಲವೇ ವರ್ಷಗಳಲ್ಲಿ ದರ್ಶಿನಿ ಅನ್ನೋದು ಒಂದು ಹೋಟೆಲಿನ ಹೆಸರಾಗಿ ಉಳೀದೆ ಒಂದು ಜಾತಿಯ ಹೋಟೆಲಿನ ಹೆಸರೇ ಆಯ್ತು. ಈ ಒಂದು ಕಡೆ ಮಾತ್ರ 'ಜಾತಿ' ಅನ್ನೋ ಪದ ಯಾರಿಗೂ ನೋವು ಮಾಡಲ್ಲ. ಶಂಕರಪುರದಲ್ಲಿ 1965ರಿಂದ ಇರೋ ಬ್ರಾಹ್ಮಿನ್ಸ್ ಕಾಫಿ ಬಾರಿನ ಹೆಸರು ಹಾಗೇ ಇದೆ, ಆದರೆ ಅದರ ಮುಂದೆ ಪ್ಲೇಟು ಹಿಡಿದು ಇಡ್ಲಿ ಚಟ್ನಿ ತಿನ್ನೋ ಗುಂಪಿನಲ್ಲಿ ಯಾರು ಯಾರು ಅಂತ ಕೇಳೋರು ಯಾರು?

ತಳ್ಳುಗಾಡಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ದರ್ಶಿನಿಗೆ ಬಾಗಿಲಾದರೂ ಉಂಟು, ಗಾಡಿಗೆ ಅದೂ ಇಲ್ಲ. ತಡೆಯೋಕೆ ಬಾಗಿಲೇ ಇಲ್ಲದ ಕಡೆ ಒಳಗಿನವರು, ಹೊರಗಿನವರು ಅನ್ನೋ ಮಾತು ಎಲ್ಲಿಂದ ಬರಬೇಕು? ಹೆಂಗಸರ ವಿಷಯದಲ್ಲಿ ಇದನ್ನ ಕಣ್ಣಾರೆ ನೋಡಬಹುದು. ನಮ್ಮ ಅಜ್ಜಿ ಜೀವಮಾನದಲ್ಲಿ ಒಂದು ಸಲವೂ ಬೀದಿಯಲ್ಲಿ ನಿಂತು ತಿಂದವಳಲ್ಲ. ಅಮ್ಮ ತಿಂದಿದ್ದಾಳೆ, ಸೆರಗು ಬಾಯಿಗೆ ಅಡ್ಡ ಇಟ್ಕೊಂಡು, ಗೋಡೆ ಕಡೆ ತಿರುಗಿ. ಈಗಿನ ಹುಡುಗಿಯರು ರಾತ್ರಿ ಒಂಬತ್ತಕ್ಕೆ ರಸ್ತೆ ಮಧ್ಯ ನಿಂತು "ಅಣ್ಣಾ, ಇನ್ನೊಂದು ಚೂರು ಖಾರ" ಅಂತ ಕೂಗ್ತಾರೆ. ಮೂರು ತಲೆಮಾರು, ಒಂದೇ ಮನೆ, ಒಂದೇ ಊರು.

ಇನ್ನು ಗಾಡಿಯ ಮೇಲಿನ ತಿಂಡಿಗೂ ಅದರದೇ ಊರೂರು ಸುತ್ತಿದ ಕಥೆ ಇದೆ. ಗೋಬಿ ಮಂಚೂರಿಯನ್ನೇ ತಗೊಳ್ಳಿ. ಕೋಲ್ಕತ್ತಾದಲ್ಲಿ ಹುಟ್ಟಿದ ಚೀನಿ ಮೂಲದ ಅಡುಗೆಯವರು ನೆಲ್ಸನ್ ವಾಂಗ್, 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಮೊದಲು ಮಾಡಿದ್ದು ಕೋಳಿಯ ಮಂಚೂರಿಯನ್. ಮಾಂಸ ತಿನ್ನದವರಿಗಾಗಿ ಕೋಳಿ ಇದ್ದ ಕಡೆ ಹೂಕೋಸು ಬಂತು. ಈಗ ಕರ್ನಾಟಕದಲ್ಲಿ ಗೋಬಿ ಗಾಡಿ ಇಲ್ಲದ ತಾಲ್ಲೂಕು ಸರ್ಕಲ್ಲನ್ನ ಹುಡುಕಬೇಕು. ಅದರ ಆ ಕಣ್ಣು ಕುಕ್ಕೋ ಕೆಂಪು ಎಲ್ಲಿಂದ ಬರ್ತಿತ್ತು ಅನ್ನೋದೂ ಬಯಲಾಯ್ತು. ರೋಡಮೈನ್-ಬಿ ಅನ್ನೋ, ಬಟ್ಟೆಗೆ ಹಾಕೋ ಬಣ್ಣವನ್ನ ಗೋಬಿಗೂ ಬೊಂಬಾಯಿ ಮಿಠಾಯಿಗೂ ಹಾಕಬಾರದು ಅಂತ ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಆಜ್ಞೆ ಮಾಡಿತು. ಅಲ್ಲಿಗೆ ಅಮ್ಮನ ಕಾರಣಕ್ಕೆ ಬೆಲೆ ಇದೆ ಅಂತಾಯ್ತು. ಜಾತಿಯ ಭಯ ಹೋಗಬೇಕು, ನಿಜ. ಶುಚಿಯ ಬಗ್ಗೆ ಇರೋ ಎಚ್ಚರ ಹೋಗಬಾರದು.

ಇನ್ನೊಂದು ಅವರೆಬೇಳೆ. ಇದು ಪಕ್ಕಾ ನಮ್ಮ ನೆಲದ್ದು. ಮಾಗಡಿ, ರಾಮನಗರ, ಕೋಲಾರದ ಕಡೆಯಿಂದ ಚಳಿಗಾಲದ ಸೊಗಡಿನ ಕಾಯಿ ಬರುತ್ತೆ. ಅದನ್ನ ಬಿಡಿಸಿ, ನೆನೆಸಿ, ಒಂದೊಂದೇ ಹಿತುಕಬೇಕು. ಆ ಬೆರಳುಗಳು ಬಹುಪಾಲು ಹೆಂಗಸರವು. ಈ ಬೀದಿಯಲ್ಲಿ ಶುರುವಾದ ಅವರೆಬೇಳೆ ಮೇಳಕ್ಕೆ ಜನ ಎಷ್ಟು ನುಗ್ಗಿದರು ಅಂದ್ರೆ, 2023ರಲ್ಲಿ ಅದನ್ನ ನ್ಯಾಷನಲ್ ಕಾಲೇಜು ಮೈದಾನಕ್ಕೆ ಸಾಗಿಸಬೇಕಾಯ್ತು.

ಇಷ್ಟೆಲ್ಲ ಹೊಗಳಿದ ಮೇಲೆ, ನಮ್ಮ ಕುಂದಾಪುರದ ಗೆಳತಿ ಎತ್ತೋ ತಕರಾರನ್ನೂ ಹೇಳಿಬಿಡಬೇಕು. "ಎಲ್ಲರ ಬೀದಿ ಅಂತೀಯಲ್ಲ ಮಾರಾಯಾ, ಒಂದು ಮೀನು ತೋರ್ಸು ಇಲ್ಲಿ" ಅಂತಾಳೆ ಅವಳು. ಹೌದು, ತಿಂಡಿ ಬೀದಿ ಪೂರ್ತಿ ಸಸ್ಯಾಹಾರಿ. ಅಲ್ಲಿಗೆ ಯಾರು ಬೇಕಾದರೂ ಬರಬಹುದು, ಅವರ ಮನೆ ಅಡುಗೆ ಮಾತ್ರ ಬರೋ ಹಾಗಿಲ್ಲ. ಕಬಾಬು, ಸಮೋಸಾ, ಹಲೀಮು ಬೇಕು ಅಂದ್ರೆ ರಂಜಾನಿನ ಸಂಜೆ ಫ್ರೇಜರ್ ಟೌನಿನ ಮಾಸ್ಕ್ ರೋಡಿಗೋ, ಶಿವಾಜಿನಗರಕ್ಕೋ ಹೋಗಬೇಕು. ನಾವೂ ಹೋಗ್ತೀವಿ. ಅಲ್ಲೂ ಅದೇ ನಿಯಮ: ಒಂದು ಪ್ಲೇಟು, ನಾಲ್ಕು ಕೈ. ಬಡಾವಣೆಯ ನಕ್ಷೆಯಲ್ಲಿ ಶತಮಾನದ ಹಿಂದೆ ಎಳೆದ ಗೆರೆ ನಾಲಿಗೆಯ ಮೇಲೆ ಇನ್ನೂ ಪೂರ್ತಿ ಅಳಿಸಿಲ್ಲ. ಅಳಿಸಿದೆ ಅಂತ ನಟಿಸೋದಕ್ಕಿಂತ ಎರಡೂ ಕಡೆ ತಿಂದು ಬರೋದು ವಾಸಿ.

ಈಗ ಗಾಡಿಯವರ ಮಾತಿಗೆ ಬರೋಣ. ಯಾಕಂದ್ರೆ ನಮಗೆ ಅಲ್ಲಿ ನಿಂತು ತಿನ್ನೋ ಹಕ್ಕು ಇರಬೇಕಾದರೆ ಅವರಿಗೆ ಅಲ್ಲಿ ನಿಂತು ಮಾರೋ ಹಕ್ಕು ಇರಬೇಕು. 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬೀದಿ ವ್ಯಾಪಾರವೂ ಸಂವಿಧಾನ ಕೊಟ್ಟ ಉದ್ಯೋಗದ ಸ್ವಾತಂತ್ರ್ಯದಲ್ಲಿ ಸೇರುತ್ತೆ, ಅದಕ್ಕೆ ಕಟ್ಟುಪಾಡು ಹಾಕಬಹುದು, ಆದರೆ ಇಂಥ ಜಾಗವೇ ನನಗೆ ಬೇಕು ಅನ್ನೋ ಹಾಗಿಲ್ಲ ಅಂತ ಹೇಳಿತು. ಅದಾಗಿ ಇಪ್ಪತ್ತೈದು ವರ್ಷಕ್ಕೆ, 2014ರಲ್ಲಿ, ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಅದರಲ್ಲಿ ಇರೋದು ಕೇಳಿ. ಐದು ವರ್ಷಕ್ಕೆ ಒಂದು ಸಲವಾದರೂ ಸಮೀಕ್ಷೆ ಮಾಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋ ತನಕ ಯಾರನ್ನೂ ಎಬ್ಬಿಸಬಾರದು. ಜಾಗ ಬದಲಿಸೋದಾದರೆ 30 ದಿನದ ನೋಟಿಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಓದೋಕೆ ಎಷ್ಟು ಚೆನ್ನಾಗಿದೆ! ಆದರೆ ಸಂಜೆ ಗಾಡಿ ತಳ್ಳಿಕೊಂಡು ಬರೋವಾಗ ಇವತ್ತು ನಿಲ್ಲೋಕೆ ಬಿಡ್ತಾರೋ ಇಲ್ವೋ ಅನ್ನೋ ಚಿಂತೆ ಎಷ್ಟೋ ಊರುಗಳಲ್ಲಿ ಇನ್ನೂ ಹೋಗಿಲ್ಲ.

ಬೀದಿಯ ನಿವಾಸಿಗಳ ಕಷ್ಟವೂ ಸುಳ್ಳಲ್ಲ. ಗೇಟಿನ ಮುಂದೆ ಎಂಜಲು ತಟ್ಟೆ, ಅಡ್ಡ ನಿಲ್ಲಿಸಿದ ಬೈಕು, ಹನ್ನೊಂದು ಗಂಟೆ ತನಕ ಗಲಾಟೆ. ಅವರನ್ನ ಜನವಿರೋಧಿಗಳು ಅಂತ ಬೈದು ಪ್ರಯೋಜನ ಇಲ್ಲ. ಸಿಂಗಪುರದಲ್ಲಿ ಇದೇ ಜಗಳ ಬಂದಾಗ, 1960ರ ದಶಕದ ಕೊನೆಯಲ್ಲಿ ಅಲ್ಲಿನ ಸರ್ಕಾರ ಬೀದಿ ವ್ಯಾಪಾರಿಗಳನ್ನೆಲ್ಲ ನೋಂದಾಯಿಸಿತು. 1970ರ ದಶಕದಿಂದ ನೀರು, ಚರಂಡಿ, ಸೂರು ಇರೋ ಕೇಂದ್ರಗಳನ್ನ ಕಟ್ಟಿ ಅಲ್ಲಿಗೆ ಸಾಗಿಸಿತು. 2020ರಲ್ಲಿ ಯುನೆಸ್ಕೋ ಆ ಸಂಸ್ಕೃತಿಯನ್ನ ತನ್ನ ಪಟ್ಟಿಗೆ ಸೇರಿಸಿತು. ಅದೇ 2020ರಲ್ಲಿ ನಮ್ಮ ದೇಶದಲ್ಲಿ ಕೊರೋನಾ ಹೊಡೆತಕ್ಕೆ ಸಿಕ್ಕ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲದ ಯೋಜನೆ ಬಂತು. ಸಾಲ ಬೇಕು, ಇಲ್ಲ ಅನ್ನಲ್ಲ. ಆದರೆ ನಲ್ಲಿ ನೀರು, ಒಂದು ಚರಂಡಿ, ಕಸದ ಗಾಡಿ, ಹೆಂಗಸರಿಗೆ ಒಂದು ಶೌಚಾಲಯ, ಎಬ್ಬಿಸಲ್ಲ ಅನ್ನೋ ಒಂದು ಕಾಗದ, ಇವು ಅದಕ್ಕಿಂತ ಮೊದಲು ಬೇಕು. ತಿಂಡಿ ಬೀದಿಯನ್ನೂ 2023ರಲ್ಲಿ ಅಗೆದು ನವೀಕರಿಸಿದರು. ಹಾಗೆ ಚೆಂದ ಮಾಡುವಾಗ ನೋಡಬೇಕಾದ್ದು ಒಂದೇ: ಅಗೆಯೋ ಮುಂಚೆ ಇದ್ದ ಗಾಡಿಯವರೇ ಮುಗಿದ ಮೇಲೂ ಇದ್ದಾರಾ? ಇಲ್ಲ ಅಂದ್ರೆ ಕಲ್ಲು ಹಾಸಿದ್ದು ಯಾರಿಗೆ?

ಪ್ಲೇಗು ಬಂದಾಗ ಕಟ್ಟಿದ ಊರು ಗಾಳಿ ಬೆಳಕಿನ ಜೊತೆಗೆ ಜಾತಿಯ ಗೆರೆಯನ್ನೂ ಎಳೆದಿತ್ತು. ಅದನ್ನ ಒಂಚೂರು ಒಂಚೂರು ಅಳಿಸಿದವರಲ್ಲಿ ಸಂವಿಧಾನ ಬರೆದವರು ಇದ್ದಾರೆ, ಕೋರ್ಟಿಗೆ ಹೋದ ವ್ಯಾಪಾರಿಗಳಿದ್ದಾರೆ, ಕಾವಲಿ ಮುಂದೆ ಬೆವರು ಒರೆಸಿಕೊಳ್ಳೋ ಅಣ್ಣ ಅಕ್ಕಂದಿರೂ ಇದ್ದಾರೆ. ಮುಂದಿನ ಸಲ ನಿಮ್ಮೂರ ಗಾಡಿಯ ಹತ್ತಿರ ಗೆಳೆಯರ ಜೊತೆ ನಿಂತಾಗ, ದುಡ್ಡು ಕೊಡುವಾಗ ಒಂದು ಮಾತು ಕೇಳಿ ನೋಡಿ: "ಅಣ್ಣಾ, ಸಮೀಕ್ಷೆಯಲ್ಲಿ ನಿಮ್ಮ ಹೆಸರು ಸೇರಿದೆಯಾ? ಪ್ರಮಾಣಪತ್ರ ಕೈಗೆ ಬಂತಾ?" ಬಂದಿಲ್ಲ ಅಂದ್ರೆ, 2014ರ ಕಾಯ್ದೆಯಲ್ಲಿ ಏನಿದೆ ಅಂತ ಈಗ ನಿಮಗೂ ಗೊತ್ತಿದೆಯಲ್ಲ, ಹೇಳಿ.