ಮನ್ನಾ ಆದ ಕಂದಾಯ ಯಾರ ಪಾಲಾಯಿತು? ನಗರದ ಫೌಜುದಾರ ಅಣ್ಣಿಗೇರಿ ರಾಮರಾಯನ ಮರುವಿಚಾರಣೆ

ಮಲೆನಾಡಿನ ನಗರ ಸೀಮೆಯಲ್ಲಿ 1830-31ರಲ್ಲಿ ಎದ್ದ ದಂಗೆಯ ಬಗ್ಗೆ ಬರೆದವರು ಎರಡು ಪಾಳಯದವರು. ಒಂದು ಪಾಳಯಕ್ಕೆ ಅದು ಅಪ್ಪಟ ರೈತ ಹೋರಾಟ. ಇನ್ನೊಂದು ಪಾಳಯಕ್ಕೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ದುರಾಡಳಿತದ ಫಲ. ಎರಡೂ ಕಡೆಯವರು ಅಣ್ಣಿಗೇರಿ ರಾಮರಾಯನಿಗೆ ಒಂದು ವಾಕ್ಯ ಮೀಸಲಿಟ್ಟು ಮುಂದೆ ಸಾಗುತ್ತಾರೆ. ಆ ವಾಕ್ಯವೂ ಅವರದಲ್ಲ, ಬಿ.ಎಲ್. ರೈಸ್ ಅವರದು. ಶಾಸನಗಳ ಮುಂದೆ ಕೂತಾಗ ಒಂದೊಂದು ಅಕ್ಷರವನ್ನೂ ಅನುಮಾನಿಸುತ್ತಿದ್ದ ರೈಸ್, ಸರ್ಕಾರಿ ವರದಿ ಕೈಗೆ ಬಂದಾಗ ಮಾತ್ರ ಅದನ್ನು ಶಾಸನಕ್ಕಿಂತ ಹೆಚ್ಚು ನಂಬಿದರು. ಮೈಸೂರು ಗೆಜೆಟಿಯರ್‌ನಲ್ಲಿ ದಂಗೆಯ ಭಾಗವನ್ನು ಅವರು ಬರೆದದ್ದು 1833ರ ಡಿಸೆಂಬರಿನಲ್ಲಿ ಸಲ್ಲಿಕೆಯಾದ ವಿಚಾರಣಾ ಸಮಿತಿಯ ವರದಿಯನ್ನು ಆಧರಿಸಿ. ನಂತರದವರು ರೈಸ್ ಅವರನ್ನು ಆಧರಿಸಿದರು. ಹೀಗೆ ಒಂದು ಆರೋಪ ಮೂರು ತಲೆಮಾರಿನಲ್ಲಿ ಸಂಗತಿಯಾಗಿ ನಿಂತಿತು.

ಆರೋಪ ಇಷ್ಟು. ಧಾರವಾಡ ಸೀಮೆಯ ಅಣ್ಣಿಗೇರಿಯಿಂದ ಬಂದ ರಾಮರಾಯ ದಿವಾನ ಪೂರ್ಣಯ್ಯನ ಕಾಲದಲ್ಲೇ ನಗರದ ಫೌಜುದಾರ, ಅಂದರೆ ಸೀಮೆಯ ಮುಖ್ಯಾಧಿಕಾರಿ, ಆದ. ನಡುವೆ ಸ್ವಲ್ಪ ಕಾಲ ಬಿಟ್ಟರೆ 1828ರವರೆಗೂ ಆ ಸೀಮೆ ಅವನ ಕೈಯಲ್ಲೇ ಇತ್ತು. ಅಮಲ್ದಾರಿಕೆಗಳಲ್ಲಿ, ಕಚೇರಿಗಳಲ್ಲಿ ಅವನ ನೆಂಟರು, ಆಶ್ರಿತರು ತುಂಬಿಕೊಂಡರು. ವರದಿ ಈ ಬಳಗವನ್ನು ಅಣ್ಣಿಗೇರಿ ಪಕ್ಷ ಎಂದು ಕರೆಯುತ್ತದೆ. 1828ರಲ್ಲಿ ಅರಸರು ತಮ್ಮ ಬಂಧು ವೀರರಾಜೇ ಅರಸರನ್ನು ಫೌಜುದಾರನಾಗಿ ಕಳಿಸಿದರು. ಹಿಂದಿನವರು ಕೊಟ್ಟ ಕಂದಾಯ ಮನ್ನಾಗಳಲ್ಲಿ ಮೋಸವಿದೆ ಎಂದು ವೀರರಾಜೇ ಅರಸರಿಗೆ ಕಂಡಿತು. ಮನ್ನಾಗಳಲ್ಲಿ ಕೆಲವನ್ನು ರದ್ದು ಮಾಡಿ, ಹಳೆಯ ಬಾಕಿಗಳಿಗೆ ಜೀವ ಕೊಟ್ಟರು. ಗುಟ್ಟು ಬಯಲಾಗುವ ಭಯದಿಂದ ಅಣ್ಣಿಗೇರಿಯವರು ಒಳಗೊಳಗೇ ರೈತರನ್ನು ಎತ್ತಿಕಟ್ಟಿದರು. 1830ರ ಆಗಸ್ಟ್‌ನಲ್ಲಿ ಬಸವಾಪಟ್ಟಣದಲ್ಲಿ ಸೇರುವ ರೈತಕೂಟಕ್ಕೆ ಕರೆ ಹೋಯಿತು. ಕುಂಸಿಯ ರೈತನ ಮಗ ಸಾದರಮಲ್ಲ, ಬೂದಿ ಬಸವಪ್ಪ ಎಂಬ ಹೆಸರಿನಲ್ಲಿ ಕೆಳದಿ ಅರಸುಮನೆತನದ ವಾರಸುದಾರನಾಗಿ ಎದ್ದು ನಿಂತ.

ಇದರಲ್ಲಿ ಎಲ್ಲ ಭಾರವನ್ನೂ ಹೊತ್ತಿರುವ ಪದ ಮನ್ನಾ. ಅದನ್ನು ಬಿಡಿಸಿ ನೋಡಿದವರು ಕಡಿಮೆ. ಕಂದಾಯ ಮನ್ನಾದಲ್ಲಿ ಮೋಸ ನಡೆಯುವುದು ಮೂರು ರೀತಿಯಲ್ಲಿ. ರೈತನಿಂದ ಪೂರ್ತಿ ವಸೂಲಿ ಮಾಡಿ, ಲೆಕ್ಕದಲ್ಲಿ ಮನ್ನಾ ಎಂದು ಬರೆದು, ವ್ಯತ್ಯಾಸವನ್ನು ಅಧಿಕಾರಿ ನುಂಗುವುದು ಮೊದಲನೆಯದು. ಬೆಳೆ ಬಂದ ಹೊಲಕ್ಕೂ ಬಾರದ ಲೆಕ್ಕ ಬರೆದು ನಿಜವಾಗಿಯೇ ಬಿಟ್ಟುಕೊಡುವುದು ಎರಡನೆಯದು. ಬಿಟ್ಟ ಹಣದಲ್ಲಿ ಗೌಡ, ಶಾನುಭೋಗ, ಅಮಲ್ದಾರ ಪಾಲು ಹಂಚಿಕೊಳ್ಳುವುದು ಮೂರನೆಯದು. ಗೆಜೆಟಿಯರ್‌ನ ಸಾರ ಈ ಮೂರನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕುತ್ತದೆ.

ಮೊದಲನೆಯದನ್ನೇ ಒಪ್ಪೋಣ. ರೈತನ ಕೈಯಿಂದ ಹಣ ಆಗಲೇ ಹೋಗಿದೆ. ಹೊಸ ಫೌಜುದಾರ ಮನ್ನಾ ರದ್ದು ಮಾಡಿ ಬಾಕಿ ಕೇಳಿದಾಗ ರೈತನ ಸಿಟ್ಟು ಮೊದಲು ತಿರುಗಬೇಕಾದದ್ದು ಹಣ ನುಂಗಿದ ಅಣ್ಣಿಗೇರಿಯವರ ಮೇಲೆ. ತಮ್ಮ ಕಂದಾಯ ಕದ್ದವನ ಮಾತು ಕೇಳಿ ಊರೂರಿನ ಗೌಡರು ಮನೆಮಠ ಬಿಟ್ಟು ಕೂಟಕ್ಕೆ ಹೊರಟರು ಎಂಬುದನ್ನು ನಾನು ಒಪ್ಪಲಾರೆ. ಎತ್ತಿಕಟ್ಟುವುದು ಸಾಧ್ಯವಾಗಬೇಕಾದರೆ, ಮನ್ನಾದ ಲಾಭದಲ್ಲಿ ಒಂದಂಶವಾದರೂ ಹಳ್ಳಿಗೆ ತಲುಪಿರಬೇಕು. ಅಂದರೆ ಸಮಿತಿಯ ಎರಡು ಆರೋಪಗಳು, ರೈತರ ಹಣ ಕದ್ದರು ಎಂಬುದೂ ರೈತರನ್ನು ಎಬ್ಬಿಸಿದರು ಎಂಬುದೂ ಒಟ್ಟಿಗೆ ಪೂರ್ತಿ ನಿಜವಾಗಲಾರವು. (ಹೆದರಿಸಿ ಎಬ್ಬಿಸಿರಬಹುದಲ್ಲ ಎಂಬ ವಾದವನ್ನು ಕೇಳಿದ್ದೇನೆ. 1828ರ ನಂತರ ಹೆದರಿಸುವ ಅಧಿಕಾರ ವೀರರಾಜೇ ಅರಸರ ಕೈಯಲ್ಲಿತ್ತು, ರಾಮರಾಯನ ಕೈಯಲ್ಲಲ್ಲ.)

ಉಳಿಯುವುದು ಎರಡನೆಯ, ಮೂರನೆಯ ದಾರಿಗಳು. ಇಲ್ಲಿ ರಾಮರಾಯನ ನಿಜವಾದ ಕಸುಬು ಕಾಣುತ್ತದೆ. ಪೂರ್ಣಯ್ಯನ ನಂತರ ಸಂಸ್ಥಾನದಲ್ಲಿ ಶರ್ತಿ ಪದ್ಧತಿ ಬೇರೂರಿತ್ತು. ಇಷ್ಟು ಹಣ ಕಟ್ಟುತ್ತೇನೆ ಎಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ತಾನೇ ತುಂಬಬೇಕು. ಹೆಚ್ಚು ಬಂದರೆ ಅರಮನೆಗೆ. ಹೀಗಿರುವಾಗ ಯಾವ ಊರಿಗೆ ಬಿಡಬೇಕು, ಯಾವ ಊರನ್ನು ಹಿಂಡಬೇಕು ಎಂದು ತೀರ್ಮಾನಿಸುವವನೇ ಸೀಮೆಯ ಯಜಮಾನ. ಮಲೆನಾಡಿನಲ್ಲಿ ಇದಕ್ಕೆ ಇನ್ನೂ ಬಲ ಹೆಚ್ಚು. ಕೆಳದಿಯ ಶಿವಪ್ಪನಾಯಕ ನಿಗದಿ ಮಾಡಿದ ಕಂದಾಯ, ಅಂದರೆ ಶಿಸ್ತು, ಅಲ್ಲಿ ಜನರ ನೆನಪಿನಲ್ಲಿ ಅಳತೆಗೋಲಾಗಿ ಉಳಿದಿತ್ತು. ಅದನ್ನು ಮೀರಿದ ವಸೂಲಿಯೆಲ್ಲ ಅನ್ಯಾಯವೇ. ಮನ್ನಾ ಕೊಟ್ಟ ಫೌಜುದಾರ ಆ ಹಳೆಯ ಅಳತೆಗೆ ಮರಳಿದವನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಗೌಡನಿಗೆ ಮನ್ನಾ, ಗೌಡನಿಂದ ನಿಷ್ಠೆ, ಆ ನಿಷ್ಠೆಯ ಬಲದಿಂದ ಮೈಸೂರಿನಲ್ಲಿ ಪ್ರಭಾವ: ಈ ಸರಪಳಿಯನ್ನು ವೀರರಾಜೇ ಅರಸರು ನಡುವೆಯೇ ಕಡಿದರು. ದಂಗೆ ಎದ್ದದ್ದು ಕಡಿದ ಆ ಜಾಗದಲ್ಲಿ.

ಈ ಓದು ಇನ್ನೊಂದು ಪ್ರಶ್ನೆಗೂ ಉತ್ತರಿಸುತ್ತದೆ: ನಗರವೇ ಯಾಕೆ? ಶರ್ತಿ ಸಂಸ್ಥಾನದುದ್ದಕ್ಕೂ ಇತ್ತು. ಬೆಂಕಿ ಮಾತ್ರ ಇಷ್ಟು ಜೋರಾಗಿ ಹತ್ತಿದ್ದು ನಗರದಲ್ಲಿ, ಆ ಸರಪಳಿ ಕಡಿದ ಸೀಮೆಯಲ್ಲಿ. ಅರಸರ ದುರಾಡಳಿತವೊಂದೇ ಕಾರಣ ಎನ್ನುವವರು ಅಷ್ಟಗ್ರಾಮ ಫೌಜುದಾರಿ ಯಾಕೆ ನಗರದಂತೆ ಉರಿಯಲಿಲ್ಲ ಎಂದು ಹೇಳಬೇಕು. ಮನ್ನಾ ಕೂಡ ನಗರಕ್ಕೆ ಮಾತ್ರ ಸೀಮಿತವಾದ ಚಾಳಿಯಲ್ಲ. ತುಂಗಭದ್ರೆಯ ಕೆಳಗೆ, ನಮ್ಮ ಕಂಪ್ಲಿ, ಹೊಸಪೇಟೆ ಕಡೆ, ಮುನ್ರೋ 1800ರಿಂದ 1807ರವರೆಗೆ ಕಲೆಕ್ಟರನಾಗಿ ನಿಲ್ಲಿಸಿದ ರೈತವಾರಿಯಲ್ಲೂ ವರ್ಷ ವರ್ಷದ ಜಮಾಬಂದಿಯಲ್ಲಿ ಮನ್ನಾ ತೀರ್ಮಾನವಾಗುತ್ತಿತ್ತು, ಅಲ್ಲೂ ಕರಣಂ ಮತ್ತು ಗೌಡರ ಮಾತು ನಡೆಯುತ್ತಿತ್ತು. ಅದೇ ಮುನ್ರೋ ಮದರಾಸಿನ ಗವರ್ನರ್ ಆಗಿ 1825ರಲ್ಲಿ ಮೈಸೂರಿಗೆ ಬಂದು, ಆಡಳಿತ ಸರಿಪಡಿಸುವಂತೆ ಅರಸರಿಗೆ ಎಚ್ಚರಿಕೆ ಕೊಟ್ಟು ಹೋದ.

ಇನ್ನು ಸಾಕ್ಷಿಯ ಯೋಗ್ಯತೆ. ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡದ್ದು 1831ರಲ್ಲಿ. ಹಾಕರ್, ಮಾರಿಸನ್, ಮ್ಯಾಕ್ಲಿಯೋಡ್, ಕಬ್ಬನ್ ಇವರ ಸಮಿತಿಯ ವರದಿ ಬಂದದ್ದು ಎರಡು ವರ್ಷದ ಮೇಲೆ. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ. ಮಾರಿಸನ್, ಕಬ್ಬನ್ ಇಬ್ಬರೂ ಮುಂದೆ ಅದೇ ಮೈಸೂರಿನ ಕಮಿಷನರ್‌ಗಳಾದರು. ಕಬ್ಬನ್ 1834ರಿಂದ 1861ರವರೆಗೆ ಆ ಕುರ್ಚಿ ಬಿಡಲಿಲ್ಲ. ಅವರು ಅಪ್ರಾಮಾಣಿಕರು ಎಂದು ನಾನು ಹೇಳುತ್ತಿಲ್ಲ. ಅರಸರ ದುರಾಡಳಿತ ಸಾಬೀತಾಗದಿದ್ದರೆ ಅವರ ಹುದ್ದೆಗೆ ಆಧಾರವಿರಲಿಲ್ಲ ಎಂಬುದಷ್ಟೇ ನನ್ನ ಮಾತು. ರಾಜ್ಯ ಹಿಡಿಯಲು ಮುಂದಿಟ್ಟ, ಕಂಪನಿಗೆ ಸಲ್ಲಬೇಕಾದ ವಾರ್ಷಿಕ 7 ಲಕ್ಷ ವರಹದ ಪೊಗದಿ ಅಪಾಯದಲ್ಲಿದೆ ಎಂಬ ನೆಪದ ಬಗ್ಗೆ ಬೆಂಟಿಂಕನಿಗೇ ಆಮೇಲೆ ಅನುಮಾನ ಹುಟ್ಟಿತು; 1834ರಲ್ಲಿ ಅವನು ರಾಜ್ಯದ ಒಂದು ಭಾಗವನ್ನು ಅರಸರಿಗೆ ಮರಳಿಸುವ ಸಲಹೆ ಕೊಟ್ಟ. ಇಡೀ ದಂಗೆ ರಾಮರಾಯನ ಬಳಗದ್ದೇ ಕೈವಾಡವಾಗಿದ್ದರೆ ಆ ಬಳಗವನ್ನು ಕಿತ್ತುಹಾಕಿದರೆ ಸಾಕಿತ್ತು, ರಾಜ್ಯವನ್ನೇ ಕಿತ್ತುಕೊಳ್ಳಬೇಕಿರಲಿಲ್ಲ. ಸಮಿತಿಗೆ ಎರಡೂ ಬೇಕಿದ್ದವು: ರಾಜ್ಯ ಹಿಡಿದದ್ದಕ್ಕೆ ಅರಸ, ನಗರವೇ ಯಾಕೆ ಎಂಬುದಕ್ಕೆ ರಾಮರಾಯ. ವೀರರಾಜೇ ಅರಸರ ದೂರು ಕೂಡ ಆಸ್ಥಾನದ ಅರಸು ಬಂಧುಗಳಿಗೂ ದೇಶಸ್ಥ ಬ್ರಾಹ್ಮಣ ಮುತ್ಸದ್ದಿಗಳಿಗೂ ನಡುವೆ ನಡೆದ ಹುದ್ದೆಯ ಪೈಪೋಟಿಯಿಂದ ಹೊರಗಿದ್ದದ್ದಲ್ಲ.

ಇಂಥ ಮರುವಿಚಾರಣೆ ಹೊಸದೇನಲ್ಲ. ನ್ಯೂಯಾರ್ಕಿನ ರಾಜಕೀಯ ಬಳಗ ಟಮ್ಮನಿ ಹಾಲ್‌ನ ಒಡೆಯ ವಿಲಿಯಂ ಟ್ವೀಡ್ 1871ರಲ್ಲಿ ಬಂಧನಕ್ಕೊಳಗಾಗಿ 1878ರಲ್ಲಿ ಜೈಲಿನಲ್ಲೇ ಸತ್ತ. ಲೋಕ ಅವನನ್ನು ನೆನಪಿಟ್ಟದ್ದು ಥಾಮಸ್ ನ್ಯಾಸ್ಟ್ ಬರೆದ ವ್ಯಂಗ್ಯಚಿತ್ರಗಳ ಡೊಳ್ಳುಹೊಟ್ಟೆಯ ಕಳ್ಳನಾಗಿ. 1977ರಲ್ಲಿ ಇತಿಹಾಸಕಾರ ಲಿಯೋ ಹರ್ಷ್‌ಕೊವಿಟ್ಜ್ ಅವನ ವಿರುದ್ಧದ ಸಾಕ್ಷ್ಯಗಳನ್ನು ಮತ್ತೆ ತೆರೆದು, ಟ್ವೀಡನನ್ನು ಬಲಿಪಶು ಮಾಡಲಾಯಿತು ಎಂದು ವಾದಿಸಿದರು. ನಾನು ಅಷ್ಟು ದೂರ ಹೋಗಲಾರೆ. ರಾಮರಾಯ ಹುದ್ದೆಗಳನ್ನು ನೆಂಟರಿಗೆ ಹಂಚಿದ್ದು ನಿಜ; ಫೌಜುದಾರಿಕೆ ಹೋದ ಮೇಲೂ ಮೈಸೂರಿನಲ್ಲಿ ಅರಸರ ಆಪ್ತ ಸಲಹೆಗಾರನಾಗಿ ಕೂತು ನಗರದ ಬೆಂಕಿಯನ್ನು ಆರಿಸಲು ಆತುರ ತೋರದೆ ಇದ್ದಿರಲೂಬಹುದು. ಅವನು ಸಂತನಲ್ಲ. ಆದರೆ ಐರಿಷ್ ವಲಸಿಗರಿಗೆ ಕೆಲಸ ಕೊಡಿಸಿ ವೋಟು ಪಡೆದ ಟಮ್ಮನಿಯನ್ನು ರಾಜಕೀಯ ವ್ಯವಸ್ಥೆ ಎಂದು ಅಧ್ಯಯನ ಮಾಡುವ ನಮ್ಮ ವಿದ್ವಾಂಸರು, ಮನ್ನಾ ಕೊಟ್ಟು ಗೌಡರನ್ನು ಗಳಿಸಿದ ಅಣ್ಣಿಗೇರಿ ಪಕ್ಷವನ್ನು ಬರಿಯ ಲಂಚಕೋರರ ಗುಂಪು ಎಂದು ಬದಿಗೊತ್ತುವುದು ಯಾವ ನ್ಯಾಯ?

ದಂಗೆ ಅಡಗಿದ ಮೇಲೆ ಫೌಜುದಾರಿಗಳು ಹೋಗಿ ಡಿವಿಜನ್‌ಗಳು ಬಂದವು. ನಗರಕ್ಕೆ ಬಿಳಿಯ ಸೂಪರಿಂಟೆಂಡೆಂಟ್ ಬಂದ. ಕಬ್ಬನ್ನನ ಆಡಳಿತದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು ಎಂದು ಗೆಜೆಟಿಯರ್ ಹೆಮ್ಮೆಯಿಂದ ದಾಖಲಿಸುತ್ತದೆ, ನಮ್ಮ ಪಠ್ಯಪುಸ್ತಕಗಳು ಅದನ್ನು ಸುಧಾರಣೆ ಎನ್ನುತ್ತವೆ. ಅದು ಸುಧಾರಣೆಯೇ, ನನ್ನ ತಕರಾರಿಲ್ಲ. ಅದೇ ಸೀಮೆಯಲ್ಲಿ ಅದಕ್ಕೂ ಮುಂಚೆ ಬಿಟ್ಟ ಕಂದಾಯವನ್ನು ವಂಚನೆ ಎಂದು ಬರೆಯುವ ಮೊದಲು, ಬಸವಾಪಟ್ಟಣಕ್ಕೆ ಗೌಡರನ್ನು ಕಳಿಸಿದ ಊರುಗಳನ್ನೂ ವೀರರಾಜೇ ಅರಸರು ಮನ್ನಾ ರದ್ದು ಮಾಡಿದ ಊರುಗಳನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ರೈಸ್ ಮಾಡಬಹುದಿತ್ತು. ಅವರು ಮಾಡಲಿಲ್ಲ, ಅವರನ್ನು ನೂರು ವರ್ಷ ನಕಲು ಮಾಡಿದವರೂ ಮಾಡಲಿಲ್ಲ.